ಕಳ್ಳನ ಚಹರೆ ಕೇಳೋಕೆ ರೋಬೋಟ್ ಕೂರಿಸಿದರೆ?

ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು, ಸುಮಾರು ಐದೂವರೆ ಅಡಿ ಎತ್ತರ. ಪೊಲೀಸ್ ಪ್ರಕಟಣೆಗಳಲ್ಲಿ ಈ ಸಾಲನ್ನು ಎಷ್ಟು ಸಲ ಓದಿದ್ದೀವೋ ಲೆಕ್ಕ ಇಲ್ಲ. ಕಾಣೆಯಾದವರಿಗೂ ಇದೇ ಸಾಲು, ತಲೆ ತಪ್ಪಿಸಿಕೊಂಡವರಿಗೂ ಇದೇ ಸಾಲು. ಈ ಚಹರೆ ಹಿಡಿದುಕೊಂಡು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಒಂದು ಬಸ್ಸು ತುಂಬುವಷ್ಟು ಜನ ಸಿಗುತ್ತಾರೆ. ಇದು ಬರೆದವರ ಸೋಮಾರಿತನ ಅಲ್ಲ. ಮುಖವನ್ನು ಮಾತಲ್ಲಿ ಹೇಳೋದೇ ಅಷ್ಟು ಕಷ್ಟ. ನಿಮ್ಮ ಮನೆಯವರ ಮೂಗು ಹೇಗಿದೆ ಅಂತ, ಅವರನ್ನು ಕಂಡೇ ಇಲ್ಲದವರಿಗೆ ಒಮ್ಮೆ ಹೇಳಿ ನೋಡಿ.

ಈಗ ಈ ಕೆಲಸಕ್ಕೆ ಯಂತ್ರಗಳು ಬಂದಿವೆ. ಸಾಕ್ಷಿಯನ್ನು ಮಾತಾಡಿಸುವ ರೋಬೋಟ್ ಇದೆ. ಸಾಕ್ಷಿ ನೋಡಿದ್ದನ್ನು ಚಿತ್ರವಾಗಿ ಬಿಡಿಸುವ ಸಾಫ್ಟ್‌ವೇರ್ ಇದೆ. ಆ ಚಿತ್ರವನ್ನು ರಾಶಿ ರಾಶಿ ಫೋಟೊಗಳ ಜೊತೆ ಹೋಲಿಸಿ ನೋಡುವ ಸಾಫ್ಟ್‌ವೇರೂ ಇದೆ. ಸುದ್ದಿಯಲ್ಲಿ ಮೂರನ್ನೂ ಒಂದೇ ಗಂಟಿಗೆ ಕಟ್ಟಿ ‘ಕಳ್ಳನನ್ನು ಹಿಡಿಯುವ ಎಐ’ ಅಂತ ಬರೆದುಬಿಡುತ್ತಾರೆ. ಆದರೆ ಮೂರರ ಕೆಲಸವೂ ಬೇರೆ, ಎಡವುವ ಜಾಗವೂ ಬೇರೆ. ನನ್ನ ಪ್ರಕಾರ ಮೊದಲನೆಯದೇ ಮುಖ್ಯ. ಕೇಳುವ ಹಂತದಲ್ಲೇ ಕೆಟ್ಟರೆ ಆಮೇಲಿನ ಎರಡೂ ಕೆಟ್ಟ ಹಾಗೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಕಲೇಶಪುರದ ಆಚೆ ಒಂದು ಕಾಫಿ ತೋಟ ಅಂದುಕೊಳ್ಳಿ. ಜನವರಿ ತಿಂಗಳು. ಕಣದಲ್ಲಿ ಒಣಗಿದ ಕಾಫಿಯನ್ನು ಮೂಟೆ ಕಟ್ಟಿ ಇಟ್ಟಿದ್ದಾರೆ. ರಾತ್ರಿ ಕಾವಲಿಗೆ ಒಬ್ಬನನ್ನು ಬಿಟ್ಟಿದ್ದಾರೆ. ನಡುರಾತ್ರಿ ಸದ್ದಾಗಿ ಎದ್ದು ನೋಡಿದರೆ ಇಬ್ಬರು ಮೂಟೆ ಹೊತ್ತು ಪಿಕಪ್ಪಿಗೆ ಹಾಕುತ್ತಿದ್ದಾರೆ. ಮಂಜು ಕವಿದಿದೆ. ಟಾರ್ಚ್ ಬಿಟ್ಟಾಗ ಒಬ್ಬ ತಿರುಗಿ ನೋಡಿದ. ತಲೆಗೆ ಮಂಕಿ ಕ್ಯಾಪ್, ಕೈಯಲ್ಲಿ ಮಚ್ಚು. ಕಂಡಿದ್ದು ಎರಡೋ ಮೂರೋ ಸೆಕೆಂಡು, ಅಷ್ಟೇ. ಗಾಡಿ ಹೊರಟುಹೋಯಿತು.

ಆ ಮೂರು ಸೆಕೆಂಡಿನಲ್ಲಿ ಕಾವಲಿನವನ ಕಣ್ಣು ಎಲ್ಲಿತ್ತು? ಬಹುಪಾಲು ಮಚ್ಚಿನ ಮೇಲೆ. ಆಯುಧ ಕಂಡಾಗ ಜನ ಮುಖ ನೋಡೋದು ಕಡಿಮೆ ಅಂತ ಮನಶ್ಶಾಸ್ತ್ರದವರು ಮತ್ತೆ ಮತ್ತೆ ತೋರಿಸಿದ್ದಾರೆ. ಬೆಳಕು ಕಡಿಮೆ, ದೂರ ಜಾಸ್ತಿ, ಮೈಯಲ್ಲಿ ನಡುಕ ಬೇರೆ. ಬೆಳಗಾಗುವ ಹೊತ್ತಿಗೆ ಗೌಡ್ರು ಕೇಳಿರುತ್ತಾರೆ, ತೋಟದ ರೈಟರ್ ಕೇಳಿರುತ್ತಾರೆ, ಪಕ್ಕದ ತೋಟದವರೂ ಬಂದು ಕೇಳಿರುತ್ತಾರೆ. ‘ಹೋದ ತಿಂಗಳು ಕೆಲಸ ಬಿಟ್ಟು ಹೋದನಲ್ಲ, ಅವನೇ ಇರಬೇಕು ಕಣೋ’ ಅಂತ ಒಬ್ಬರಾದರೂ ಅಂದಿರುತ್ತಾರೆ. ಪೊಲೀಸರು ಬರುವಷ್ಟರಲ್ಲಿ ನೆನಪಿಗೆ ಆಗಲೇ ನಾಲ್ಕು ಕೈ ಬಿದ್ದಿರುತ್ತದೆ. ನಿನ್ನೆಯ ಸಾರನ್ನು ಪ್ರತಿ ಸಲ ಬಿಸಿ ಮಾಡುವಾಗ ಒಬ್ಬರು ಉಪ್ಪು, ಒಬ್ಬರು ನೀರು ಸೇರಿಸಿದರೆ ಮೊದಲ ರುಚಿ ಹೇಗಿತ್ತು ಅಂತ ಯಾರಿಗೂ ಹೇಳೋಕಾಗಲ್ಲ ನೋಡಿ, ಹಾಗೆ.

ಆಮೇಲೆ ಠಾಣೆ.

‘ಅವನಿಗೆ ಗಡ್ಡ ಇತ್ತೇನಯ್ಯಾ?’

‘ಇತ್ತು ಅನ್ಸುತ್ತೆ ಸಾರ್.’

‘ಕುರುಚಲು ಗಡ್ಡ ಅಲ್ವಾ?’

‘ಹೂಂ ಸಾರ್. ಕುರುಚಲು ಗಡ್ಡ.’

ಹೇಳಿಕೆಯ ಹಾಳೆಯಲ್ಲಿ ಇದು ಹೇಗೆ ಬರುತ್ತದೆ ಗೊತ್ತಾ? ‘ನಾನು ಮೇಲ್ಕಂಡ ವಿಳಾಸದಲ್ಲಿ ಸಂಸಾರ ಸಮೇತ ವಾಸವಾಗಿದ್ದು, ಕೂಲಿ ಕೆಲಸ ಮಾಡಿಕೊಂಡಿರುತ್ತೇನೆ’ ಅಂತ ಶುರುವಾಗಿ, ‘ಸದರಿ ವ್ಯಕ್ತಿಯು ಕುರುಚಲು ಗಡ್ಡ ಬಿಟ್ಟಿದ್ದು, ಪುನಃ ನೋಡಿದರೆ ಗುರುತಿಸುತ್ತೇನೆ’ ಅಂತ ಮುಗಿಯುತ್ತದೆ. ಪ್ರಶ್ನೆ ಮಾಯ! ಗಡ್ಡದ ಮಾತು ಮೊದಲು ಎತ್ತಿದ್ದು ಸಾಹೇಬರು ಅನ್ನೋದಕ್ಕೆ ಗುರುತೇ ಉಳಿಯಲ್ಲ. ‘ಅನ್ಸುತ್ತೆ’ ಅನ್ನೋ ಅನುಮಾನವೂ ಹಾಳೆಗೆ ಇಳಿಯಲ್ಲ. ಯಾರೂ ಬೇಕಂತಲೇ ಮೋಸ ಮಾಡಿಲ್ಲ ಇಲ್ಲಿ. ನಮ್ಮಲ್ಲಿ ಠಾಣೆಯೊಳಗೆ ನಿಂತ ಕೂಲಿಯವನು ಖಾಕಿ ಹಾಕಿದವರಿಗೆ ‘ಇಲ್ಲ ಸಾರ್, ಗೊತ್ತಿಲ್ಲ’ ಅನ್ನೋದು ಅಷ್ಟು ಸುಲಭ ಅಲ್ಲ, ಅಷ್ಟೇ.

ಪ್ರಶ್ನೆಯೊಂದು ನೆನಪನ್ನೇ ಬದಲಾಯಿಸುತ್ತದಾ? ಬದಲಾಯಿಸುತ್ತದೆ. ಇದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲೇ ತೋರಿಸಿದರು. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಸಣ್ಣ ಫಿಲ್ಮ್ ತೋರಿಸಿದರು. 50 ಜನರಿಗೆ ‘ಕಾರುಗಳು ತಗುಲಿದಾಗ ಎಷ್ಟು ವೇಗ ಇತ್ತು’ ಅಂತ ಕೇಳಿದರು. ಇನ್ನು 50 ಜನರಿಗೆ ‘ಅಪ್ಪಳಿಸಿದಾಗ ಎಷ್ಟು ವೇಗ ಇತ್ತು’ ಅಂತ ಕೇಳಿದರು. ಒಂದು ವಾರ ಬಿಟ್ಟು ಕರೆಸಿ, ‘ಒಡೆದ ಗಾಜು ಕಂಡಿತಾ’ ಅಂದರು. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ. ‘ತಗುಲಿದಾಗ’ ಅಂತ ಕೇಳಿಸಿಕೊಂಡವರಲ್ಲಿ 7 ಜನ ಕಂಡೆವು ಅಂದರು. ‘ಅಪ್ಪಳಿಸಿದಾಗ’ ಅಂತ ಕೇಳಿಸಿಕೊಂಡವರಲ್ಲಿ 16 ಜನ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜಕ್ಕೂ ಗಾಜು ಕಂಡಿತ್ತು.

ಇದರ ಬೆಲೆ ಸಣ್ಣದಲ್ಲ. ಅಮೆರಿಕದಲ್ಲಿ ಶಿಕ್ಷೆಯಾಗಿ, ಎಷ್ಟೋ ವರ್ಷದ ಮೇಲೆ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿ ಅಂತ ಹೊರಬಂದವರ ಪ್ರಕರಣಗಳನ್ನು ಇನ್ನೊಸೆನ್ಸ್ ಪ್ರಾಜೆಕ್ಟ್ ಸಂಸ್ಥೆ ಲೆಕ್ಕ ಹಾಕಿದೆ. ಸುಮಾರು ಹತ್ತರಲ್ಲಿ ಏಳು ಕೇಸುಗಳಲ್ಲಿ ಯಾರೋ ಒಬ್ಬರು ‘ಇವನೇ’ ಅಂತ ತಪ್ಪಾಗಿ ಬೆರಳು ತೋರಿಸಿದ್ದರು.

ಇನ್ನು ರೋಬೋಟಿನ ವಿಷಯಕ್ಕೆ ಬರೋಣ. ಕೇಳುವವರು ಮನುಷ್ಯರಾದರೆ ಸಾಕ್ಷಿ ಅವರ ಮುಖ ನೋಡುತ್ತಾನೆ. ಹುಬ್ಬು ಏರಿತಾ, ತಲೆ ಆಡಿತಾ, ದನಿ ಗಡುಸಾಯಿತಾ ಅಂತ ಗಮನಿಸುತ್ತಾ ಇರುತ್ತಾನೆ. ಹುಬ್ಬೇ ಇಲ್ಲದ್ದು ಕೇಳಿದರೆ ಹೇಗೆ? ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯದ ಸಿಂಡಿ ಬೆಥೆಲ್, ಡೆಬೊರಾ ಈಕಿನ್ ಮತ್ತು ಅವರ ತಂಡ ಇದನ್ನೇ ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. ಕುರ್ಚಿ ರಿಪೇರಿ ಮಾಡೋ ನೆಪದಲ್ಲಿ ಬಂದ ಒಬ್ಬ ಡ್ರಾಯರ್‌ನಿಂದ ದುಡ್ಡು ಕದಿಯುವ ಸ್ಲೈಡ್‌ಗಳನ್ನು ಜನರಿಗೆ ತೋರಿಸಿದರು. ಆಮೇಲೆ ಅರ್ಧ ಜನರನ್ನು ಮನುಷ್ಯರು ಮಾತಾಡಿಸಿದರು, ಇನ್ನರ್ಧ ಜನರನ್ನು ನಾವೊ ಅನ್ನೋ ಪುಟ್ಟ ರೋಬೋಟ್. ಮೊಣಕಾಲಿಗಿಂತ ಸ್ವಲ್ಪ ಎತ್ತರ ಇರುವ, ಆಟದ ಬೊಂಬೆಯಂಥ ರೋಬೋಟ್ ಅದು. ಪ್ರಶ್ನೆಗಳ ನಡುವೆ ಕೆಲವರಿಗೆ ಬೇಕಂತಲೇ ತಪ್ಪು ಮಾಹಿತಿ ತೂರಿಸಿದರು.

ಮನುಷ್ಯರ ಬಾಯಿಂದ ಬಂದ ತಪ್ಪು ಮಾಹಿತಿ ಸಾಕ್ಷಿಗಳ ನೆನಪನ್ನು ಚೆನ್ನಾಗಿಯೇ ಕೆಡಿಸಿತು. ಅದೇ ತಪ್ಪನ್ನು ರೋಬೋಟ್ ಹೇಳಿದಾಗ ಕೆಡಲಿಲ್ಲ.

ಯಾಕೆ? ನನಗೆ ಕಾಣೋದು ಇಷ್ಟು: ರೋಬೋಟಿಗೆ ಏನೋ ಗೊತ್ತಿದೆ ಅಂತ ನಾವು ನಂಬುವುದಿಲ್ಲ. ‘ಸಾಹೇಬರಿಗೆ ಕೇಸಿನ ವಿಷಯ ಗೊತ್ತಿರುತ್ತೆ, ಅವರು ಗಡ್ಡ ಅಂದರೆ ಗಡ್ಡ ಇದ್ದಿರಬೇಕು’ ಅನ್ನೋ ಲೆಕ್ಕಾಚಾರ ಬೊಂಬೆಯ ಎದುರು ಹುಟ್ಟಲ್ಲ. ಅದನ್ನು ಮೆಚ್ಚಿಸುವ ಗರಜೂ ಇಲ್ಲ. ಅಂದರೆ ರೋಬೋಟಿನ ಬುದ್ಧಿವಂತಿಕೆ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಅದು ಪೆದ್ದಾಗಿ ಕಂಡಿದ್ದೇ ಕೆಲಸಕ್ಕೆ ಬಂತು. ಇನ್ನೊಂದು ಮಾತು: ಆ ರೋಬೋಟ್ ತಾನಾಗಿ ಏನೂ ಯೋಚಿಸುತ್ತಿರಲಿಲ್ಲ. ಮರೆಯಲ್ಲಿ ಕೂತ ಮನುಷ್ಯರೇ ಅದನ್ನು ಆಡಿಸುತ್ತಿದ್ದರು. ಸುದ್ದಿಯಲ್ಲಿ ಈ ವಿವರ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಮಕ್ಕಳ ವಿಷಯದಲ್ಲೂ ಇಂಥದ್ದೇ ಸುಳಿವು ಸಿಕ್ಕಿದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2022ರಲ್ಲಿ 8ರಿಂದ 13 ವರ್ಷದ 28 ಮಕ್ಕಳನ್ನು ಇದೇ ನಾವೊ ರೋಬೋಟಿನ ಜೊತೆ ಮಾತಿಗೆ ಬಿಟ್ಟಿದ್ದರು. ಪ್ರಶ್ನಾವಳಿಯಲ್ಲಿ ಬರೆಯದ ಮನಸ್ಸಿನ ಕಷ್ಟಗಳನ್ನು ಕೆಲವು ಮಕ್ಕಳು ರೋಬೋಟಿಗೆ ಹೇಳಿಕೊಂಡರು. ಗದರದೇ ಇರುವವರ ಹತ್ತಿರ ಮಕ್ಕಳು ಬಾಯಿ ಬಿಡೋದು ಸಹಜ ಅಲ್ವಾ?

ಹಾಗಾದರೆ ಠಾಣೆಗೊಂದು ಚಾಟ್‌ಬಾಟ್ ಕೂರಿಸಿಬಿಡೋಣ ಅಂತೀರಾ? ಸ್ವಲ್ಪ ತಡೆಯಿರಿ. 2024ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಅದೇ ಲಾಫ್ಟಸ್, ಐವತ್ತು ವರ್ಷದ ಮೇಲೆ, ಈ ತಂಡದಲ್ಲೂ ಇದ್ದರು. 200 ಜನರಿಗೆ ದರೋಡೆಯ ಸಿಸಿಟಿವಿ ವಿಡಿಯೊ ತೋರಿಸಿ, ಆಮೇಲೆ ಹಾದಿ ತಪ್ಪಿಸುವ ಪ್ರಶ್ನೆಗಳನ್ನು ಕೇಳಿದರು. ಉದಾಹರಣೆಗೆ, ಕಳ್ಳರು ನಡೆದು ಬಂದಿದ್ದರೂ ಪ್ರಶ್ನೆಯೊಳಗೆ ಸುಮ್ನೆ ಒಂದು ಕಾರನ್ನು ತಂದು ನಿಲ್ಲಿಸೋದು. ಕೆಲವರು ಫಾರಂನಲ್ಲಿ ಉತ್ತರ ಬರೆದರು. ಕೆಲವರು ಮೊದಲೇ ಬರೆದಿಟ್ಟ ಪ್ರಶ್ನೆಗಳನ್ನಷ್ಟೇ ಕೇಳುವ ಬಾಟ್ ಜೊತೆ ಮಾತಾಡಿದರು. ಇನ್ನು ಕೆಲವರಿಗೆ ಸಿಕ್ಕಿದ್ದು ಈಗಿನ ಕಾಲದ, ತಾನೇ ಮಾತು ಕಟ್ಟುವ ಎಐ. ಕೊನೆಯದು ಉಳಿದೆಲ್ಲವನ್ನೂ ಮೀರಿಸಿತು, ಕೆಡಿಸೋದರಲ್ಲಿ! ಹಾದಿ ತಪ್ಪಿಸುವ ಪ್ರಶ್ನೆಯನ್ನೇ ಎದುರಿಸದವರಿಗೆ ಹೋಲಿಸಿದರೆ ಮೂರು ಪಟ್ಟಿಗಿಂತ ಜಾಸ್ತಿ ಸುಳ್ಳು ನೆನಪುಗಳು ಹುಟ್ಟಿದವು. ಎಐ ಜೊತೆ ಮಾತಾಡಿದವರ ಉತ್ತರಗಳಲ್ಲಿ ಶೇ 36ರಷ್ಟು ಹಾದಿ ತಪ್ಪಿದ್ದವು. ಒಂದು ವಾರದ ಮೇಲೂ ಅವು ಹಾಗೇ ಉಳಿದಿದ್ದವು.

ಆ ಪುಟ್ಟ ರೋಬೋಟ್, ಈ ಎಐ ಎರಡೂ ಯಂತ್ರವೇ. ಮತ್ತೆ ಯಾಕೆ ಈ ವ್ಯತ್ಯಾಸ? ಚಾಟ್‌ಬಾಟ್ ಸಾಕ್ಷಿಯ ತಪ್ಪು ಉತ್ತರಕ್ಕೆ ‘ಹೌದು, ಸರಿಯಾಗಿ ಹೇಳಿದ್ರಿ’ ಅನ್ನುತ್ತಿತ್ತು. ಅದರ ಮೇಲೆ ಇನ್ನೆರಡು ವಿವರ ಸೇರಿಸುತ್ತಿತ್ತು. ಅಂದರೆ ಠಾಣೆಯ ಸಾಹೇಬರ ಅಭ್ಯಾಸವೇ, ಇನ್ನೂ ನಯವಾಗಿ. ಗದರಿಸಿ ಒಪ್ಪಿಸೋದಕ್ಕಿಂತ ಹೊಗಳಿ ಒಪ್ಪಿಸೋದು ಜಾಸ್ತಿ ಕೆಲಸ ಮಾಡುತ್ತದೆ ಅಂತ ಊರಿನ ಯಾವ ದಲ್ಲಾಳಿಗಾದರೂ ಗೊತ್ತು. ಯಂತ್ರ ಮನುಷ್ಯರ ಹಾಗೆ ಮಾತಾಡೋಕೆ ಕಲಿತ ಕೂಡಲೇ ಅದರಿಂದ ಇದ್ದ ಲಾಭ ಹೋಯಿತು. ಆದ್ದರಿಂದ ಸಾಕ್ಷಿಯನ್ನು ಕೇಳುವ ಯಂತ್ರ ಬೇಕು ಅಂದರೆ ನಾನು ಆರಿಸೋದು ಹಳೇ ಕಾಲದ್ದನ್ನು. ಬರೆದುಕೊಟ್ಟ ಪ್ರಶ್ನೆ ಕೇಳಬೇಕು, ಉತ್ತರ ರೆಕಾರ್ಡ್ ಮಾಡಬೇಕು, ಸುಮ್ಮನಿರಬೇಕು.

ಬರೆದುಕೊಡುವ ಪ್ರಶ್ನೆಗಳು ಹೇಗಿರಬೇಕು ಅನ್ನೋದಕ್ಕೂ ದಾರಿ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೊನಾಲ್ಡ್ ಫಿಶರ್ ಮತ್ತು ಎಡ್ವರ್ಡ್ ಗೈಸಲ್‌ಮನ್ 1980ರ ದಶಕದಲ್ಲಿ ‘ಕಾಗ್ನಿಟಿವ್ ಇಂಟರ್‌ವ್ಯೂ’ ಅನ್ನೋ ಕ್ರಮ ರೂಪಿಸಿದರು. ಮೊದಲು ಸಾಕ್ಷಿ ಕಣ್ಣು ಮುಚ್ಚಿ ಆ ಜಾಗಕ್ಕೆ ಮನಸ್ಸಿನಲ್ಲೇ ಹೋಗಿ ನಿಲ್ಲಬೇಕು: ಎಷ್ಟು ಚಳಿ ಇತ್ತು, ಒಣಗಿದ ಕಾಫಿಯ ವಾಸನೆ ಹೇಗಿತ್ತು, ಯಾವ ಕಡೆಯಿಂದ ಸದ್ದು ಬಂತು. ಆಮೇಲೆ ಸಣ್ಣದು ದೊಡ್ಡದು ಅನ್ನದೇ ಎಲ್ಲ ಹೇಳಬೇಕು, ಮಧ್ಯೆ ಬಾಯಿ ಹಾಕುವಂತಿಲ್ಲ. ಬೇಕಿದ್ದರೆ ಗಾಡಿ ಹೊರಟ ಗಳಿಗೆಯಿಂದ ಹಿಂದಕ್ಕೆ ಹೇಳಿಸಬೇಕು. ‘ಗಡ್ಡ ಇತ್ತಾ’ ಅನ್ನೋದು ಈ ಕ್ರಮದಲ್ಲಿ ಇಲ್ಲವೇ ಇಲ್ಲ. ‘ಮುಖದ ಬಗ್ಗೆ ಏನಾದರೂ ನೆನಪಿದೆಯಾ’ ಅನ್ನೋದು ಇದೆ. ‘ಗೊತ್ತಿಲ್ಲ ಅನ್ನೋದೂ ಒಂದು ಉತ್ತರ’ ಅಂತ ಮೊದಲೇ ಹೇಳಿಬಿಡಬೇಕು. ಆದರೆ ತಾಳ್ಮೆಯಿಂದ ಕೂತು ಕೇಳೋಕೆ ಹೊತ್ತು ಹಿಡಿಯುತ್ತದೆ. ಜಾತ್ರೆ ಬಂದೋಬಸ್ತ್, ಮಂತ್ರಿಗಳ ಭೇಟಿ, ಕೋರ್ಟ್ ಡ್ಯೂಟಿ ನಡುವೆ ಒಬ್ಬ ಎಎಸ್‌ಐಗೆ ಅಷ್ಟು ಪುರುಸೊತ್ತು ಎಲ್ಲಿ? ಯಂತ್ರಕ್ಕೆ ಆ ಪುರುಸೊತ್ತು ಇದೆ. ನೂರನೇ ಸಾಕ್ಷಿಗೂ ಮೊದಲನೆಯವನಿಗೆ ಕೇಳಿದ ದನಿಯಲ್ಲೇ ಕೇಳುತ್ತದೆ.

ಆದರೆ ಅದಕ್ಕೆ ಭಾಷೆ ಬರಬೇಕು. ತೋಟದ ಸಾಲುಮನೆಗಳಲ್ಲಿ ಕನ್ನಡದ ಜೊತೆ ತುಳು, ತಮಿಳು ಕೇಳುತ್ತದೆ. ಈಗೀಗ ಅಸ್ಸಾಮಿ, ಬಂಗಾಳಿಯೂ ಸೇರಿವೆ. ‘ಕರ್ರಗಿದ್ದ ಕಣಣ್ಣ, ಒಂಥರಾ ಬಿಳಿಚ್ಕೊಂಡಿದ್ದ’ ಅಂತ ಒಂದೇ ಉಸಿರಿಗೆ ಹೇಳುವವನ ಮಾತಿನಲ್ಲಿ ಮೊದಲನೆಯದು ಬಣ್ಣ, ಎರಡನೆಯದು ಭಯ. ಇದು ಕನ್ನಡಿಗರಿಗೆ ತಕ್ಷಣ ತಿಳಿಯುತ್ತದೆ. ಯಂತ್ರ ಇದನ್ನು ‘ಬಿಳಿ ಮೈಬಣ್ಣ’ ಅಂತ ಬರೆದುಕೊಂಡರೆ ಕಥೆ ಮುಗಿಯಿತು.

ಚಿತ್ರ ಬಿಡಿಸುವ ಹಂತದ್ದು ಇನ್ನೊಂದು ತಮಾಷೆ. ಅಮೆರಿಕದಲ್ಲಿ 1959ರ ಸುಮಾರಿಗೆ ಬಂದ ಐಡೆಂಟಿಕಿಟ್, ಬ್ರಿಟನ್ನಿನಲ್ಲಿ 1970ರಲ್ಲಿ ಬಂದ ಫೋಟೊಫಿಟ್ ಎರಡರ ಉಪಾಯವೂ ಒಂದೇ. ಕಣ್ಣು, ಮೂಗು, ಬಾಯಿ, ಕೂದಲಿನ ಬಿಡಿ ಚಿತ್ರಗಳನ್ನು ಜೋಡಿಸಿ ಒಂದು ಮುಖ ಮಾಡೋದು. ಕೇಳೋಕೆ ಚೆಂದ. ಆದರೆ ನಾವು ಮುಖವನ್ನು ಹಾಗೆ ಬಿಡಿಬಿಡಿಯಾಗಿ ನೋಡೋದೇ ಇಲ್ಲ. ಒಟ್ಟಿಗೆ ನೋಡುತ್ತೇವೆ. ಬಿಡಿ ಭಾಗಗಳನ್ನು ಮಾತಲ್ಲಿ ಹೇಳಿಸಿದರೆ ಒಟ್ಟು ನೆನಪಿಗೇ ಪೆಟ್ಟು ಬೀಳಬಹುದು. 1990ರ ಒಂದು ಪ್ರಯೋಗದಲ್ಲಿ ಬ್ಯಾಂಕ್ ದರೋಡೆಕೋರನ ಮುಖವನ್ನು ಬರೆದು ವಿವರಿಸಿದವರಲ್ಲಿ ಶೇ 38 ಜನ ಆಮೇಲೆ ಅವನನ್ನು ಸರಿಯಾಗಿ ಗುರುತಿಸಿದರು. ವಿವರಿಸದೇ ಇದ್ದವರಲ್ಲಿ ಶೇ 64 ಜನ. 2014ರಲ್ಲಿ ಹಲವು ಪ್ರಯೋಗಾಲಯಗಳು ಸೇರಿ ಇದನ್ನು ಮತ್ತೆ ಮಾಡಿದಾಗ ಅಂತರ ಇಷ್ಟು ದೊಡ್ಡದಾಗಿ ಕಾಣಲಿಲ್ಲ. ಆದರೆ ಅಂತರ ಇದ್ದಿದ್ದು ನಿಜ.

ಇದಕ್ಕೆ ಪರಿಹಾರವಾಗಿ ಬ್ರಿಟನ್ನಿನಲ್ಲಿ ಇವೊಫಿಟ್ ಅನ್ನೋ ಸಾಫ್ಟ್‌ವೇರ್ ಬಂತು. ಇದರಲ್ಲಿ ಸಾಕ್ಷಿ ಮೂಗು ವರ್ಣಿಸಬೇಕಿಲ್ಲ. ಪರದೆ ತುಂಬ ಮುಖಗಳು ಬರುತ್ತವೆ. ‘ಸ್ವಲ್ಪ ಅವನ ಥರ ಇದೆ’ ಅನ್ನಿಸಿದ್ದನ್ನು ಆರಿಸಿದರೆ ಸಾಕು. ಆರಿಸಿದ ಮುಖಗಳನ್ನು ಬೆರೆಸಿ ಕಂಪ್ಯೂಟರ್ ಹೊಸ ಮುಖಗಳನ್ನು ಹುಟ್ಟಿಸುತ್ತದೆ. ಅದರಲ್ಲಿ ಮತ್ತೆ ಆರಿಸಬೇಕು. ಒಳ್ಳೆ ತಳಿಯನ್ನು ಆರಿಸಿ ಆರಿಸಿ ಬೆಳೆಸುವ ಕ್ರಮವೇ ಇದು. ಕೊನೆಗೆ ವಯಸ್ಸು, ದಪ್ಪ ಸರಿಮಾಡಿಕೊಂಡರೆ ಆಯಿತು.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಸಣ್ಣ ಜಾಣತನ. ಗುರುತಿಲ್ಲದ ಮುಖವನ್ನು ನಾವು ನೆನಪಿಡೋದು ಬಹುಮಟ್ಟಿಗೆ ಕೂದಲು, ತಲೆಯ ಆಕಾರದಿಂದ. ಪರಿಚಯದ ಮುಖವನ್ನು ಹಿಡಿಯೋದು ಕಣ್ಣು, ಮೂಗು, ಬಾಯಿಯಿಂದ. ಚಿತ್ರ ಮಾಡಿಸುವ ಸಾಕ್ಷಿಗೆ ಕಳ್ಳ ಅಪರಿಚಿತ. ಆದರೆ ಪೇಪರಿನಲ್ಲಿ ಆ ಚಿತ್ರ ನೋಡಿ ‘ಅಯ್ಯೋ, ಇವನು ನಮ್ಮ ಬೀದಿಯವನು’ ಅನ್ನಬೇಕಾದವರು ಕಳ್ಳನ ಪರಿಚಯದವರು. ಒಬ್ಬರು ನೆನಪಿಟ್ಟ ಭಾಗ ಬೇರೆ, ಇನ್ನೊಬ್ಬರಿಗೆ ಬೇಕಾದ ಭಾಗ ಬೇರೆ! ಅದಕ್ಕೇ ಇವೊಫಿಟ್ ಮೊದಲ ಹಂತಗಳಲ್ಲಿ ಕೂದಲು, ಕಿವಿ ಎಲ್ಲ ಮರೆಮಾಡಿ ಮುಖದ ನಡುಭಾಗವನ್ನಷ್ಟೇ ತೋರಿಸುತ್ತದೆ. ನಮ್ಮ ಕಾವಲಿನವನ ವಿಷಯದಲ್ಲಿ ಆ ಕೆಲಸವನ್ನು ಕಳ್ಳನ ಮಂಕಿ ಕ್ಯಾಪೇ ಮಾಡಿಕೊಟ್ಟಿದೆ ಅನ್ನಬಹುದು. ಸಾಕ್ಷಿಗಳು ಒಬ್ಬರಿಗಿಂತ ಜಾಸ್ತಿ ಇದ್ದರೆ ಪ್ರತಿಯೊಬ್ಬರಿಂದ ಬೇರೆ ಬೇರೆ ಚಿತ್ರ ಮಾಡಿಸಿ ಬೆರೆಸೋದು ಒಳ್ಳೇದು ಅಂತಲೂ ಗೊತ್ತಾಗಿದೆ. ಒಬ್ಬೊಬ್ಬರ ತಪ್ಪು ಒಂದೊಂದು ಕಡೆ ಇರುವುದರಿಂದ ಬೆರೆಸಿದಾಗ ತೆಳುವಾಗುತ್ತದೆ. ಆದರೆ ಅವರು ಅದಕ್ಕೂ ಮುಂಚೆ ಹೋಟೆಲಿನಲ್ಲಿ ಕೂತು ಒಟ್ಟಿಗೆ ಕಥೆ ಕಟ್ಟಿರಬಾರದು.

ಡಾಲ್-ಇ ಥರದ ಎಐ ಬಳಸಿ ಮಾತಿಂದ ನೇರವಾಗಿ ಫೋಟೊದಂಥ ಚಿತ್ರ ಮಾಡುವ ಪ್ರಯತ್ನಗಳೂ ನಡೆದಿವೆ. ನನಗೆ ಇದು ಅಪಾಯದ್ದು ಅನ್ನಿಸುತ್ತದೆ. ಪೆನ್ಸಿಲ್ ರೇಖಾಚಿತ್ರ ನೋಡಿದರೆ ‘ಇದು ಅಂದಾಜು’ ಅಂತ ಯಾರಿಗೂ ಗೊತ್ತಾಗುತ್ತದೆ. ಫೋಟೊ ಥರ ಇದ್ದರೆ ಅದೇ ಸತ್ಯ ಅನ್ನಿಸುತ್ತದೆ. ಸಾಕ್ಷಿ ಹೇಳದ ಚರ್ಮದ ಗುಳಿ, ಕಣ್ಣಿನ ಹೊಳಪನ್ನೆಲ್ಲ ಎಐ ತನ್ನ ಕೈಯಿಂದ ತುಂಬಿರುತ್ತದೆ. ಅದನ್ನು ಒಮ್ಮೆ ನೋಡಿದ ಸಾಕ್ಷಿಗೆ ಅಸಲಿ ಮುಖ ಮತ್ತೆ ನೆನಪಿಗೆ ಬರೋದು ಕಷ್ಟ.

ಮೂರನೆಯದು ಹೋಲಿಕೆ ಹುಡುಕೋದು. ಇದರಲ್ಲಿ ಒಂದು ಮೋಸ ಅಡಗಿದೆ. ಕಂಪ್ಯೂಟರ್ ಲಕ್ಷಾಂತರ ಫೋಟೊ ಜಾಲಾಡಿ ಎಲ್ಲಕ್ಕಿಂತ ಹೋಲುವ ಮುಖವನ್ನು ತೆಗೆಯುತ್ತದೆ. ಕಳ್ಳನ ಫೋಟೊ ಆ ರಾಶಿಯಲ್ಲಿ ಇಲ್ಲದಿದ್ದರೂ ಯಾರಾದರೂ ಒಬ್ಬರು ಹೋಲಲೇಬೇಕು ತಾನೇ? ಆ ಫೋಟೊವನ್ನು ಸಾಕ್ಷಿಗೆ ತೋರಿಸಿದರೆ ‘ಇವನೇ’ ಅನ್ನುತ್ತಾನೆ. ಅನ್ನದೇ ಏನು ಮಾಡುತ್ತಾನೆ, ಹೋಲುವವನನ್ನೇ ಹುಡುಕಿ ತಂದಿದ್ದಲ್ವಾ? ಆಗ ಫೈಲಿನಲ್ಲಿ ‘ಕಂಪ್ಯೂಟರೂ ಹೇಳಿತು, ಸಾಕ್ಷಿಯೂ ಹೇಳಿದ’ ಅಂತ ಎರಡು ಪುರಾವೆ ಇದ್ದಂತೆ ಕಾಣುತ್ತದೆ. ಇರೋದು ಒಂದೇ. 2020ರ ಜನವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ಒಬ್ಬ ಕಪ್ಪು ಜನಾಂಗದ ವ್ಯಕ್ತಿಯನ್ನು ಅವನ ಹೆಂಡತಿ, ಮಕ್ಕಳ ಎದುರೇ ಹಿಡಿದುಕೊಂಡು ಹೋಗಿದ್ದು ಹೀಗೇ. ಸಿಸಿಟಿವಿಯ ಮಬ್ಬು ಚಿತ್ರಕ್ಕೆ ಕಂಪ್ಯೂಟರ್ ಅವನ ಹಳೇ ಡ್ರೈವಿಂಗ್ ಲೈಸೆನ್ಸ್ ಫೋಟೊ ಹೊಂದಿಸಿತು. ಆಮೇಲೆ ಫೋಟೊಗಳ ಸಾಲಿನಲ್ಲಿ ಅವನನ್ನು ಆರಿಸಿದ ‘ಸಾಕ್ಷಿ’ ಕಳ್ಳತನ ನಡೆದಾಗ ಅಲ್ಲಿ ಇರಲೇ ಇಲ್ಲ. ನೋಡಿದ್ದು ಅದೇ ವಿಡಿಯೊ.

ನಮ್ಮಲ್ಲಿ? ದೆಹಲಿ ಪೊಲೀಸರು 2022ರಲ್ಲಿ ಮಾಹಿತಿ ಹಕ್ಕಿನಡಿ ಕೊಟ್ಟ ಉತ್ತರದಲ್ಲಿ, ಶೇ 80ಕ್ಕಿಂತ ಹೆಚ್ಚು ಹೋಲಿಕೆ ಬಂದರೆ ಪಾಸಿಟಿವ್ (ಮುಖ ಹೊಂದಿತು) ಅಂತ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 2019ರಲ್ಲಿ ಮುಖ ಗುರುತಿಸುವ ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿತು. ಹಲವು ಸಾಫ್ಟ್‌ವೇರ್‌ಗಳು ಬಿಳಿಯರಿಗಿಂತ ಆಫ್ರಿಕಾ, ಪೂರ್ವ ಏಷ್ಯಾ ಮೂಲದವರ ಮುಖಗಳನ್ನು 10ರಿಂದ 100 ಪಟ್ಟು ಜಾಸ್ತಿ ಸಲ ತಪ್ಪಾಗಿ ಹೊಂದಿಸಿದವು. ಇದೇ ಕಾಯಿಲೆ ಮನುಷ್ಯರಿಗೂ ಇದೆ. ತಮ್ಮಂತೆ ಕಾಣದವರ ಮುಖಗಳನ್ನು ಬೇರ್ಪಡಿಸಿ ನೋಡೋದು ಎಲ್ಲರಿಗೂ ಕಷ್ಟ. ತೋಟಕ್ಕೆ ಅಸ್ಸಾಮಿನಿಂದ ಬಂದ ಕೆಲಸದವರನ್ನು ನೋಡಿ ‘ಅವರೆಲ್ಲ ಒಂದೇ ಥರ ಕಾಣ್ತಾರೆ’ ಅನ್ನೋದನ್ನು ಸಕಲೇಶಪುರ, ಮೂಡಿಗೆರೆ ಕಡೆ ಕೇಳದವರು ಕಡಿಮೆ. ಅವರಿಗೂ ನಾವೆಲ್ಲ ಒಂದೇ ಥರ ಕಾಣುತ್ತಿರಬಹುದು. ಏನಾದರೂ ಕಳುವಾದಾಗ ಮೊದಲು ಬೆರಳು ಎತ್ತ ತಿರುಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಕಡೆ ಬಳಸುವ ಸಾಫ್ಟ್‌ವೇರನ್ನು ಅಂಥ ಮುಖಗಳ ಮೇಲೇ ಪರೀಕ್ಷಿಸಿ, ಫಲಿತಾಂಶವನ್ನು ಬಹಿರಂಗ ಮಾಡಿದ ಮೇಲೆ ಬಳಸಬೇಕು. ಅಲ್ಲಿವರೆಗೆ ಬೇಡ.

ನಮ್ಮ ಕಾನೂನಿನಲ್ಲಿ ಗುರುತು ಹಚ್ಚುವ ಕ್ರಮ ಆಗಲೇ ಇದೆ. ಅದು ಗುರುತು ಪತ್ತೆ ಪರೇಡ್. ಭಾರತೀಯ ಸಾಕ್ಷ್ಯ ಅಧಿನಿಯಮದ 7ನೇ ಕಲಂ ಪ್ರಕಾರ ಇದು ಪುರಾವೆಗೆ ಬೆಂಬಲ ಕೊಡುವ ಸಂಗತಿ. ಆರೋಪಿಯನ್ನು ಅವನಂತೆ ಕಾಣುವ ಇತರರ ನಡುವೆ ನಿಲ್ಲಿಸಿ, ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟ್ ಎದುರು, ಸಾಕ್ಷಿಯಿಂದ ಗುರುತು ಹಚ್ಚಿಸುತ್ತಾರೆ. ಪೊಲೀಸರು ಅಲ್ಲಿ ಇರುವಂತಿಲ್ಲ. ಯಾಕೆ? ಸಾಕ್ಷಿ ಅವರ ಮುಖ ನೋಡಿ ಉತ್ತರ ಹೇಳಬಾರದು, ಅದೇ ಹುಬ್ಬಿನ ಕಾರಣಕ್ಕೆ. ಆದರೂ ಪರೇಡ್ ಒಂದೇ ಸಾಲದು. ಸಾಕ್ಷಿ ಕೋರ್ಟಿನಲ್ಲಿ ಗುರುತಿಸಿದ್ದೇ ಮುಖ್ಯ ಪುರಾವೆ. ಅಷ್ಟರೊಳಗೆ ಆರೋಪಿಯ ಫೋಟೊ ಊರಿನ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಸುತ್ತಾಡಿದ್ದರೆ ಪರೇಡಿಗೆ ಮೂರು ಕಾಸಿನ ಬೆಲೆಯೂ ಉಳಿಯಲ್ಲ. ಈ ತಪ್ಪು ನಮ್ಮಲ್ಲಿ ತೀರಾ ಮಾಮೂಲಿ.

ಮದ್ದೋ ಯಂತ್ರವೋ ಸತ್ಯ ಹೇಳಿಸುತ್ತದೆ ಅನ್ನೋ ನಂಬಿಕೆ ಕರ್ನಾಟಕಕ್ಕೆ ಹೊಸದೂ ಅಲ್ಲ. ಬೆಂಗಳೂರಿನಲ್ಲಿ ನಡೆಯುತ್ತಿದ್ದ ಮಂಪರು ಪರೀಕ್ಷೆಗಳು ಒಂದು ಕಾಲಕ್ಕೆ ಟಿವಿಯಲ್ಲೆಲ್ಲ ಓಡುತ್ತಿದ್ದವು. 2010ರ ಮೇ ತಿಂಗಳಲ್ಲಿ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಇವನ್ನು ಯಾರ ಮೇಲೂ ಮಾಡುವಂತಿಲ್ಲ ಎಂದಿತು. ರೋಬೋಟ್ ಬಂದರೂ ಕೋರ್ಟಿನಲ್ಲಿ ಪ್ರಶ್ನೆ ಏಳುತ್ತದೆ. ಎಎಸ್‌ಐಯನ್ನು ಕಟಕಟೆಯಲ್ಲಿ ನಿಲ್ಲಿಸಿ ‘ಗಡ್ಡದ ಮಾತು ಮೊದಲು ಎತ್ತಿದ್ದು ಯಾರು’ ಅಂತ ಪಾಟೀ ಸವಾಲು ಮಾಡಬಹುದು. ರೋಬೋಟನ್ನು ಯಾರು ಏನಂತ ಕೇಳಬೇಕು? ಕೇಳಬೇಕಾಗಿರುವುದು ಅದಕ್ಕೆ ಪ್ರಶ್ನೆ ಬರೆದುಕೊಟ್ಟವರನ್ನು. ಹಾಗಾಗಿ ಪ್ರಶ್ನೆಗಳ ಪಟ್ಟಿ, ಪೂರ್ತಿ ರೆಕಾರ್ಡಿಂಗ್ ಎರಡೂ ಆರೋಪಿಯ ವಕೀಲರ ಕೈಗೆ ಸಿಗಬೇಕು. ಕೇರಳ ಪೊಲೀಸರು 2019ರಲ್ಲಿ ತಿರುವನಂತಪುರದ ಕಚೇರಿಯಲ್ಲಿ ಸಬ್ ಇನ್‌ಸ್ಪೆಕ್ಟರ್ ದರ್ಜೆಯ ರೋಬೋಟ್ ನಿಲ್ಲಿಸಿ, ಬಂದವರಿಗೆ ಸಲ್ಯೂಟ್ ಹೊಡೆಸಿದ್ದರು. ಫೋಟೊಗೆ ಚೆನ್ನಾಗಿತ್ತು.

ಹಾಸನ ಜಿಲ್ಲೆಯ ಠಾಣೆಗಳಿಗೆ ಈಗ ಬೇಕಿರುವುದು ಸಲ್ಯೂಟ್ ಹೊಡೆಯುವ ಯಂತ್ರ ಅಲ್ಲ. ಹೇಳಿಕೆಯನ್ನು ಆಡಿಯೊ, ವಿಡಿಯೊದಲ್ಲಿ ದಾಖಲಿಸೋಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 180ನೇ ಕಲಂ ಈಗಲೇ ಅವಕಾಶ ಕೊಡುತ್ತದೆ. ಒಂದು ಫೋನು, ಒಂದು ಸ್ಟ್ಯಾಂಡು, ಗೋಡೆಗೆ ಅಂಟಿಸಿದ ಹತ್ತು ಪ್ರಶ್ನೆಗಳಿದ್ದರೆ ರೋಬೋಟಿನಿಂದ ಸಿಗುವ ಲಾಭದಲ್ಲಿ ಮುಕ್ಕಾಲು ಪಾಲು ಸಿಗುತ್ತದೆ ಅಂತ ನನ್ನ ಅನಿಸಿಕೆ.

ಪೊಲೀಸರು ಬರುವ ಮುಂಚೆ ಕಾವಲಿನವನೂ ಒಂದು ಕೆಲಸ ಮಾಡಬಹುದು. ನೋಡಿದವರು ತಾವೇ ಕೂಡಲೇ ಎಲ್ಲ ಬರೆದಿಟ್ಟುಕೊಳ್ಳುವ ಪುಸ್ತಿಕೆಯನ್ನು ಬ್ರಿಟನ್ನಿನ ಸಂಶೋಧಕರು ರೂಪಿಸಿ 2009ರಲ್ಲಿ ಪ್ರಕಟಿಸಿದರು. ಹಾಗೆ ಬರೆದಿಟ್ಟವರ ನೆನಪು ಆಮೇಲೆ ಜಾಸ್ತಿ ಚೆನ್ನಾಗಿ ಉಳಿಯಿತು. ಪುಸ್ತಿಕೆ ಇಲ್ಲದಿದ್ದರೆ ಫೋನಿನ ರೆಕಾರ್ಡರ್ ಸಾಕು. ಗೌಡ್ರಿಗೆ ಫೋನ್ ಮಾಡಿ ‘ಕಳ್ಳರು ಬಂದಿದ್ರು’ ಅಂತ ತಿಳಿಸಿ, ಚಹರೆಯ ಮಾತು ಯಾರ ಜೊತೆಯೂ ಎತ್ತುವ ಮೊದಲು, ತನಗೆ ಬರುವ ಭಾಷೆಯಲ್ಲಿ, ಕಂಡಷ್ಟನ್ನು ಹೇಳಿಡಬೇಕು. ಕಾಣದೇ ಇದ್ದದ್ದನ್ನು ‘ಕಾಣಲಿಲ್ಲ’ ಅಂತಲೇ ಹೇಳಬೇಕು. ಆ ಫೈಲನ್ನು ಕತ್ತರಿಸಬಾರದು, ಗ್ರೂಪಿಗೆ ಹಾಕಬಾರದು, ಫೋನನ್ನು ಹಾಗೇ ಪೊಲೀಸರಿಗೆ ತೋರಿಸಬೇಕು. ಮುಂದೆ ಅದನ್ನು ಕೋರ್ಟಿಗೆ ಕೊಡುವುದಾದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಅದನ್ನು ಮಾಡಿಸಿಕೊಡಿ ಅಂತ ತನಿಖೆ ಮಾಡುವವರನ್ನು ಕೇಳಬಹುದು.